ಹೊಳೆಗೆ ತೆರೆದ ಬಾಗಿಲು

ಹೊಳೆಯನ್ನು ತಾಯಿ ಎನ್ನುವವರ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದನ್ನು ನಾನು ಕಲಿತದ್ದು ಈಚೆಗೆ. ಮೊದಲು ಜಗಳಕ್ಕೇ ಬೀಳುತ್ತಿದ್ದೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು ನಾನು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ ಎಂದು ಬರೆಯುವಾಗ ಸೀಮೆಸುಣ್ಣ ಮುರಿಯುವ ಹಾಗೆ ಒತ್ತುತ್ತಿದ್ದೆ ಎಂದು ಹಳೆಯ ವಿದ್ಯಾರ್ಥಿಗಳು ಈಗಲೂ ನಗುತ್ತಾರೆ. ಈಗ ನನ್ನ ಮನೆ ಬಾಗಲಕೋಟೆಯ ನವನಗರದಲ್ಲಿ. ಹಳೇ ಊರಿನ ಎಷ್ಟೋ ಓಣಿಗಳು ಹಿನ್ನೀರಿಗೆ ಹೋದ ಮೇಲೆ ಎತ್ತರದಲ್ಲಿ ಕಟ್ಟಿದ ಊರು ಇದು. ಮನೆ ಕಳೆದುಕೊಂಡು ಬಂದವರಿಗೂ ಮಳೆಗಾಲದಲ್ಲಿ ಹೊಳೆ ನೋಡುವ ಹುಚ್ಚು ಬಿಟ್ಟಿಲ್ಲ. ಎದುರು ಮನೆಯಾಕೆ ಫೋನು ತಂದು ನನ್ನ ಮೂಗಿನ ಹತ್ತಿರ ಹಿಡಿದು, "ಎಷ್ಟ ಚಂದ ಬಂದಾಳ ನೋಡ್ರಿ ಟೀಚರ್" ಎನ್ನುತ್ತಾಳೆ. ಕನ್ನಡಕ ಒಳಗಿದೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಹೊಳೆ ಚಂದ ಬಂದದ್ದನ್ನು ನಾನು ನೋಡಿದ್ದೇನೆ, ನಮ್ಮ ಮನೆಯ ಪಡಸಾಲೆಯಲ್ಲೇ ನೋಡಿದ್ದೇನೆ.

ನಮ್ಮ ಊರು ಹುನಗುಂದ ತಾಲೂಕಿನಲ್ಲಿ, ಹೊಳೆ ಐಹೊಳೆ ದಾಟಿ ಸಂಗಮದ ಕಡೆ ಹೊರಳುವ ಬಯಲಿನಲ್ಲಿ. ಮೇಲೆ ಬಾದಾಮಿಯ ಕಡೆ ಕೆಂಪು ಗುಡ್ಡಗಳು ಹೊಳೆಯನ್ನು ಎರಡೂ ಪಕ್ಕದಿಂದ ಅದುಮಿ ಹಿಡಿದಿವೆ. ಅಲ್ಲಿ ಅದು ಬಾಲ ಬಿಚ್ಚುವ ಹಾಗಿಲ್ಲ. ಬಯಲಿಗೆ ಬಿದ್ದದ್ದೇ ಎರೆಮಣ್ಣಿನಲ್ಲಿ ತನಗೆ ತೋಚಿದ ಕಡೆ ಹೋಗುತ್ತದೆ, ಈ ದಂಡೆಯನ್ನು ಕೊರೆದು ಆ ದಂಡೆಗೆ ಹಾಕುತ್ತದೆ. ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಬೇಸಿಗೆಯಲ್ಲಿ ಅದು ಹೊಳೆಯೂ ಅಲ್ಲ, ಮರಳು, ಜಾಲಿಮುಳ್ಳು, ಅಲ್ಲಲ್ಲಿ ಪಾಚಿಗಟ್ಟಿದ ಮಡುಗಳು, ಅಷ್ಟೇ. ಅಪ್ಪನಂಥವರು ಅದರ ಹೊಟ್ಟೆಯೊಳಗೇ ಬದನೆ, ಸೌತೆ ಹಾಕುತ್ತಿದ್ದರು. ಇನ್ನು ಹೊಳೆ ಸತ್ತಿತು ಎಂದು ಎಲ್ಲರೂ ತಿಳಿದಾಗ ಮಳೆಗಾಲ ಬರುತ್ತಿತ್ತು. ಅಣೆಕಟ್ಟಿನ ಕೆಳಗೆ ಬೆಣ್ಣೆಹಳ್ಳ ಬಂದು ಸೇರುತ್ತದೆ. ಅದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ. ಎಲ್ಲೋ ಧಾರವಾಡದ ಕಡೆ ಮಳೆಯಾದರೆ ನಮ್ಮೂರಿನ ಬಿಸಿಲಲ್ಲಿ ಕರಿಯ ನೀರು ಏರುತ್ತಿತ್ತು. ಅದೇ ಹೊತ್ತಿಗೆ ಸಂಗಮದಲ್ಲಿ ಕೃಷ್ಣೆ ತುಂಬಿ ನಿಂತಿದ್ದರೆ ಮುಗಿಯಿತು. ಕೃಷ್ಣೆ ಇದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಲಪ್ರಭೆ ನಿಲ್ಲುತ್ತದೆ, ಹಿಂದೆ ಸರಿಯುತ್ತದೆ, ದಂಡೆಯ ಮೇಲಿನ ಊರುಗಳಿಗೆ ನುಗ್ಗುತ್ತದೆ. ಇಷ್ಟು ಭೂಗೋಳ ನನಗೆ ಸಾಲಿಗೆ ಹೋಗುವ ಮೊದಲೇ ಗೊತ್ತಿತ್ತು.

ನಮ್ಮದು ಮಣ್ಣಿನ ಮಾಳಿಗೆ ಮನೆ. ಯಾವ ಪುಣ್ಯಾತ್ಮ ಕಟ್ಟಿಸಿದನೋ, ಬಾಗಿಲು ಸರಿಯಾಗಿ ಹೊಳೆಗೇ ಮುಖ ಮಾಡಿತ್ತು. ಒಳಗೆ ಬಂದರೆ ಮೊದಲು ದನ ಕಟ್ಟುವ ಜಾಗ, ಅದಕ್ಕಿಂತ ಒಂದು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಅದರ ಹಿಂದೆ ಕತ್ತಲ ಅಡುಗೆಮನೆ. ಬೆಳಕೆಂದರೆ ಮಾಳಿಗೆಯ ಬೆಳಕಿಂಡಿಯಿಂದ ಬಿದ್ದಷ್ಟೇ. ದನದ ಜಾಗದ ನಡುವೆ ನೆಲದೊಳಗೆ ಹಗೇವು, ಅಂದರೆ ವರ್ಷದ ಜೋಳ ತುಂಬಿಡುವ ಆಳದ ತಗ್ಗು. ಅದರ ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಿತ್ತು. ಪಡಸಾಲೆಯ ಕಂಬಕ್ಕೆ ಒರಗಿ ಆಯಿ ಕೂರುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ, ಆ ಮನೆಯ ಯಜಮಾನಿ. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಬೀರಪ್ಪನ ಭಂಡಾರದ ಚೀಲ, ನಾಲಿಗೆಯಲ್ಲಿ ಚೂರಿ. ಅಪ್ಪ ಆ ಮನೆಯಲ್ಲಿ ಮಾತಾಡಿದ್ದು ಎತ್ತುಗಳ ಜೊತೆಗೇ ಹೆಚ್ಚು.

ಅವ್ವನ ಹೆಸರು ಶಾಂತಾ, ಇಳಕಲ್ಲಿನವಳು. ಅವಳ ಅಪ್ಪ, ನನ್ನ ಇಳಕಲ್ ಮುತ್ಯಾ, ಕಲ್ಲಿನ ಖಣಿಯಲ್ಲಿ ದುಡಿಯುವವನು. ಹೆಂಡತಿ ಇಲ್ಲದ ಮನೆಯಲ್ಲಿ ಒಬ್ಬಳೇ ಮಗಳನ್ನು ಬೆಳೆಸಿದ್ದ. ಆಯಿ ಅವ್ವನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿರಲಿಲ್ಲ. "ಇಳಕಲ್ಲಾಕಿ" ಎನ್ನುತ್ತಿದ್ದಳು, ಅದೂ ಏನೋ ಕೊಳೆತದ್ದನ್ನು ಎತ್ತಿ ಹೊರಗೆ ಹಾಕುವ ದನಿಯಲ್ಲಿ. ಅವ್ವನಿಗೆ ಒಂದೇ ಆಸೆ, ಮನೆಯನ್ನು ಮೇಲಿನ ದಿನ್ನೆಗೆ, ಬೀರಪ್ಪನ ಗುಡಿಯ ಹತ್ತಿರಕ್ಕೆ ಒಯ್ಯಬೇಕು. ಆ ಮಾತೆತ್ತಿದ ದಿನ ಆಯಿ ಉಣ್ಣುತ್ತಿರಲಿಲ್ಲ. ಆಯಿ ಉಣ್ಣದ ದಿನ ಅಪ್ಪನೂ ಉಣ್ಣುತ್ತಿರಲಿಲ್ಲ. ಬಡಿದ ರೊಟ್ಟಿಗಳನ್ನು ಅವ್ವ ಬುಟ್ಟಿಗೆ ಎಸೆಯುತ್ತಿದ್ದ ಸದ್ದು ಪಡಸಾಲೆಯವರೆಗೆ ಕೇಳುತ್ತಿತ್ತು.

ಅವರ ಜಗಳದ ಬೇರು ಇನ್ನೊಂದಿತ್ತು. ನೀರು ಹೊಸ್ತಿಲಿಗೆ ಬಂದಿತೆಂದರೆ ಉಳಿದ ಮನೆಗಳವರು ಹಾಸಿಗೆ, ಹಿಟ್ಟಿನ ಡಬ್ಬಿ ಹೊತ್ತು ದಿನ್ನೆಗೆ ಓಡುತ್ತಿದ್ದರು. ನಮ್ಮ ಮನೆಯಲ್ಲಿ ಮೊದಲು ಎರಡೂ ಕದ ತೆರೆಯಬೇಕು. ಹೊಳೆ ನಮ್ಮ ಮನೆತನದ ಮಗಳು, ಸಂಗಮ ಅದರ ಗಂಡನ ಮನೆ ಎಂದು ಆಯಿಯ ಅತ್ತೆ ಆಯಿಗೆ ಹೇಳಿದ್ದಳಂತೆ. ತವರಿಗೆ ಬಂದ ಮಗಳ ಎದುರಿಗೇ ಗಂಟುಮೂಟೆ ಕಟ್ಟಿದರೆ ಅವಳಿಗೆ ಅವಮಾನ. ಆದ್ದರಿಂದ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಕೊಂಬು, ಗುಳೇದಗುಡ್ಡದ ಕುಪ್ಪಸದ ಖಣ ಇಟ್ಟು ಹೊಳೆಗೆ ಉಡಿ ತುಂಬಿ, ಇನ್ನು ನಿನ್ನ ಮನೆಗೆ ಹೋಗಿ ಬಾ ಎಂದು ಕೈಮುಗಿದ ಮೇಲೆಯೇ ಸಾಮಾನು ಎತ್ತಬೇಕು. ಮದುವೆಯಾದ ಮಗಳನ್ನು ತವರಿನಿಂದ ಬರಿದಾದ ಉಡಿಯಲ್ಲಿ ಕಳಿಸಬಾರದು ಎಂಬುದು ನಮ್ಮ ಕಡೆ ಎಲ್ಲ ಮನೆಗಳ ರೂಢಿ. ಆಯಿ ಅದನ್ನು ಹೊಳೆಗೂ ಹಚ್ಚಿದ್ದಳು. ಆದರೆ ಆಯಿ ವಿಧವೆ, ಉಡಿ ತುಂಬುವ ಹಾಗಿಲ್ಲ, ಕುಂಕುಮದ ಬಟ್ಟಲನ್ನೂ ಮುಟ್ಟುತ್ತಿರಲಿಲ್ಲ. ತುಂಬಬೇಕಾದವಳು ಮನೆಯ ಮುತ್ತೈದೆ, ಅಂದರೆ ಅವ್ವ. ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು, ಹಲ್ಲು ಕಚ್ಚಿಕೊಂಡು, ಅವ್ವ ಹೊಳೆಗೆ ಉಪಚಾರ ಮಾಡುತ್ತಿದ್ದಳು.

"ಅತ್ತಿ, ಹಿಟ್ಟಿನ ಡಬ್ಬಿ ಒಂದ ಮ್ಯಾಲ ಇಡ್ತೇನ್ರಿ. ಆಮ್ಯಾಲ ಉಡಿ ತುಂಬ್ತೇನಿ."

"ಮಗಳು ಬಾಗಲದಾಗ ನಿಂತಾಳ, ನಿನಗ ಹಿಟ್ಟಿನ ಚಿಂತಿ! ಇಳಕಲ್ಲಾಕಿಗೇನ ಗೊತ್ತು ಹೊಳಿ ಅಂದ್ರ? ನೀರ ಕಾಣದ ಊರಾಕಿ."

"ನಮ್ಮೂರಾಗ ಕಲ್ಲ ಅದಾವ್ರಿ. ಕಲ್ಲು ಯಾರ ಮನಿಯೊಳಗೂ ತಾವ ಎದ್ದ ಬರೂದಿಲ್ಲ."

ಹಿಟ್ಟು ಹೋಗುತ್ತಿತ್ತು, ಹಾಸಿಗೆ ಹೋಗುತ್ತಿತ್ತು, ನನ್ನ ಪಾಟಿ ಪುಸ್ತಕ ಹೋಗುತ್ತಿದ್ದವು. ಎಲ್ಲಕ್ಕಿಂತ ಹೊಲಸು ಅಂದರೆ ಹಗೇವಿನೊಳಗೆ ನೀರು ಇಳಿಯುವುದು. ನೀರು ಇಳಿದ ಮೇಲೆ ಚಪ್ಪಡಿ ತೆಗೆದರೆ ಮುಚ್ಚಿದ ಮೂಗು ಬಿಡುವ ಹಾಗಿರಲಿಲ್ಲ. ಆ ಮುಗ್ಗಲು ಜೋಳವನ್ನು ಮಾಳಿಗೆಯ ಮೇಲೆ ಒಣಗಿಸಿ, ಬೀಸಿ, ಅದರದ್ದೇ ರೊಟ್ಟಿ. ಕರ್ರಗೆ, ಕಹಿ, ತಟ್ಟುವಾಗಲೇ ಒಡೆಯುವ ರೊಟ್ಟಿ. ಹಸಿ ಕುಳ್ಳಿನ ಹೊಗೆಯಲ್ಲಿ ಅವ್ವನ ಕಣ್ಣು ಕೆಂಪಾಗಿರುತ್ತಿದ್ದವು. ಗುರೆಳ್ಳು ಚಟ್ನಿ ಎಷ್ಟು ಹಚ್ಚಿಕೊಂಡರೂ ಆ ಕಹಿ ನಾಲಿಗೆ ಬಿಡುತ್ತಿರಲಿಲ್ಲ. ಆಯಿ ಅದನ್ನು ಹೊಳೆಯ ಪ್ರಸಾದ ಎಂದು ಕಣ್ಣಿಗೊತ್ತಿಕೊಂಡು ತಿನ್ನುತ್ತಿದ್ದಳು. ನಾನು ಒಮ್ಮೆ ಉಗುಳಿದ್ದಕ್ಕೆ ಅವತ್ತು ಬೇರೇನೂ ಕೊಡಲಿಲ್ಲ.

ಇಷ್ಟಾದರೂ ಆಯಿಯ ಮೇಲೆ ನನಗೆ ಆಗ ದ್ವೇಷ ಇರಲಿಲ್ಲ. ಅವಳು ಹೊಳೆಯ ಬಗ್ಗೆ ಹೇಳುವಾಗ ದನಿ ಮೆತ್ತಗಾಗುತ್ತಿತ್ತು, ಅದು ನನಗೆ ಇಷ್ಟವಾಗುತ್ತಿತ್ತು. ಹೊಳೆ ಹಿಂದಕ್ಕೆ ಯಾಕೆ ಬರುತ್ತದೆ ಎಂದು ಕೇಳಿದರೆ ನನ್ನನ್ನು ಕಂಬಳಿಯೊಳಗೆ ಎಳೆದುಕೊಂಡು ಹೇಳುತ್ತಿದ್ದಳು.

"ಸಂಗಮದಾಗ ಕೃಷ್ಣಿ ತುಂಬಿ ನಿಂತಾಳ. ಗಂಡನ ಮನ್ಯಾಗ ಈಕಿಗೆ ಜಾಗಾ ಕೊಡವಲ್ರು. ಅಲ್ಲೆ ಇರಾಕ ಆಗದಾಕಿ ತವರಿಗೆ ಬರದ ಮತ್ತೆಲ್ಲಿಗೆ ಹೋಗಬೇಕು, ನೀನ ಹೇಳು. ನಾವೂ ಬಾಗಲಾ ಹಾಕಿದ್ರ ಆಕಿಗೆ ಯಾರದಾರ?"

ಹೇಳುತ್ತಾ ಅವಳ ಕಣ್ಣಲ್ಲಿ ಖರೇನೇ ನೀರು ಬರುತ್ತಿತ್ತು. ನಾನು ಆ ಮಾತನ್ನು ನಂಬಿದೆ. ನಂಬಿದ್ದಕ್ಕೇ ಮುಂದೆ ಅಷ್ಟು ಸಿಟ್ಟು ಬಂತು.

ನಾನು ಸಾಲಿಗೆ ಹೋಗುತ್ತಿದ್ದ ಒಂದು ವರ್ಷದ ಮಳೆಯಲ್ಲಿ, ಹೊಳೆ ಇನ್ನೂ ದಂಡೆಯ ಕೆಳಗೇ ಇದ್ದಾಗ, ಒಂದು ಮಧ್ಯಾಹ್ನ ಕಾಶತ್ತಿ ಬಂದಳು. ಕಾಶವ್ವ ಅಪ್ಪನ ತಂಗಿ, ಕೆರೂರಿನ ಆಚೆಯ ಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ತಂದಿದ್ದ. ಕಾಶತ್ತಿಯ ಕೈಯಲ್ಲಿ ಒಂದು ಸಣ್ಣ ಗಂಟು, ತೋಳಿನ ಮೇಲೆ ಬರೆ. ಅವಳು ಬಂದು ದನದ ಜಾಗದಲ್ಲಿ ನಿಂತಳು. ಮೆಟ್ಟಿಲು ಹತ್ತಿ ಪಡಸಾಲೆಗೆ ಬಾ ಎಂದು ಆಯಿ ಕರೆಯಲಿಲ್ಲ.

"ಯವ್ವಾ, ಅಲ್ಲೆ ನನಗ ಜಾಗಾ ಇಲ್ಲಬೇ. ಆಕಿನ್ನ ಒಳಗ ಕರಕೊಂಡು ನನ್ನ ಹೊರಗ ಹಾಕಿದ್ರು."

"ಹೊರಗ ಹಾಕಿದ್ರ ಹೊರಗ ಕುಂಡ್ರಬೇಕು. ಇಂದಿಲ್ಲ ನಾಳಿ ಒಳಗ ಕರೀತಾರ. ಕೊಟ್ಟ ಮಗಳು ಬಂದ ಇಲ್ಲೆ ಕುಂತ್ರ ಊರ ಮಂದಿ ನಮ್ಮ ಮಾರಿಗೆ ಉಗುಳ್ತಾರ."

"ಎಲ್ಯರ ಒಂದ ಮೂಲ್ಯಾಗ ಇರ್ತೇನಿ. ಸಗಣಿ ಬಳೀತೇನಿ, ನೀರ ತರ್ತೇನಿ. ಅಣ್ಣಾ, ನೀನರ ಹೇಳೋ."

ಅಪ್ಪ ಎತ್ತಿನ ಮೈ ತಿಕ್ಕುತ್ತಿದ್ದ. ತಿಕ್ಕುತ್ತಲೇ ಇದ್ದ. "ಅವ್ವ ಹೇಳಿದಂಗ ಆಗ್ಲಿ" ಎಂದು ಎತ್ತಿನ ಬೆನ್ನಿಗೆ ಹೇಳಿದ. ಆ ಬೆನ್ನಿಗೊಂದು ಬಾರಕೋಲು ಬೀಸುವಷ್ಟು ಸಿಟ್ಟು ನನಗೆ. ಆದರೆ ನನ್ನ ಬಾಯಿಂದ ಬಂದದ್ದು ಆಯಿಯ ಮಾತೇ.

"ಹೊಳಿಗೆ ಜಾಗಾ ಕೊಡ್ಲಿಲ್ಲ ಅಂತ ಅಳ್ತಿ, ಬಾಗಲಾ ತಗೀತಿ. ಅತ್ತಿಗ್ಯಾಕ ತಗಿಯವಲ್ಲಿ?"

ಆಯಿ ಎದ್ದು ಬಂದು ನನ್ನ ಕೆನ್ನೆಗೆ ಹೊಡೆದಳು. ಅದೇ ಮೊದಲು ಅವಳು ನನ್ನ ಮೇಲೆ ಕೈ ಎತ್ತಿದ್ದು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ನಾಳೆ ಮುಂಜಾನೆ ಕಾಶಿಗೆ ಉಡಿ ತುಂಬಿ ಬಸ್ಸಿಗೆ ಹತ್ತಿಸು ಎಂದು ಅವ್ವನಿಗೆ ಅಪ್ಪಣೆ ಮಾಡಿದಳು. ಅವ್ವ ಕಾಶತ್ತಿಗೆ ರೊಟ್ಟಿ, ಪುಂಡಿಪಲ್ಯ ಕೊಟ್ಟು, ಅವಳು ಉಂಡು ಮುಗಿಸುವವರೆಗೆ ದನದ ಜಾಗದಲ್ಲೇ ಅವಳ ಪಕ್ಕ ಕುಳಿತಳು. ಮನೆಯಲ್ಲಿದ್ದದ್ದು ಒಂದು ತೆಂಗಿನಕಾಯಿ, ಒಂದು ಖಣ, ಡಬ್ಬಿಯ ತಳದಲ್ಲಿ ಒಂದಿಷ್ಟು ಅಕ್ಕಿ. ಅಕ್ಕಿ ನಮ್ಮಲ್ಲಿ ಹಬ್ಬಕ್ಕೆ ಮಾತ್ರ. ಅದೆಲ್ಲ ಹೊಳೆಗೆಂದು ಮೊದಲೇ ತೆಗೆದಿಟ್ಟದ್ದು.

ಬೆಳಗಾದಾಗ ನೀರು ಹೊಸ್ತಿಲಿನಲ್ಲಿತ್ತು. ಅಪ್ಪ ದನಗಳನ್ನು ಹೊಡೆದುಕೊಂಡು ದಿನ್ನೆಗೆ ಹೋದ. ದನಗಳಿಗೆ ಮಾತ್ರ ಆ ರೂಢಿಯಿಂದ ವಿನಾಯಿತಿ ಇತ್ತು. ಆಯಿ ಪಡಸಾಲೆಯ ಅಂಚಿಗೆ ನಿಂತು ಹಂಚಿಕೆ ಶುರುಮಾಡಿದಳು. ಅಕ್ಕಿ ಅರ್ಧ ಹೊಳೆಗೆ, ಅರ್ಧ ಕಾಶಿಗೆ. ಕಾಯಿ ಹೊಳೆಗೆ, ಖಣ ಕಾಶಿಗೆ. ಅವ್ವ ಸೆರಗು ಸಿಕ್ಕಿಸಿಕೊಂಡು ಕದ ತೆರೆದಳು. ನನ್ನ ಕೈಯಲ್ಲಿದ್ದ ಮೊರ ತೆಗೆದುಕೊಂಡು ಡಬ್ಬಿಯ ಅಕ್ಕಿಯನ್ನೆಲ್ಲ ಅದಕ್ಕೆ ಸುರಿದಳು. ಕಾಯಿ ಇಟ್ಟಳು, ಖಣ ಇಟ್ಟಳು, ಉತ್ತತ್ತಿ, ಅರಿಷಿಣ, ಎಲೆ, ಅಡಿಕೆ ಒಂದನ್ನೂ ಬಿಡಲಿಲ್ಲ. ಕುಂಕುಮದ ಬಟ್ಟಲನ್ನೂ ನೀರಿಗೆ ಬೋರಲು ಹಾಕಿದಳು. ಮೊರ ತಿರುಗುತ್ತಾ ಬೇಲಿಯ ಕಡೆ ಹೋಗಿ ಮುಳುಗಿತು. ನಮ್ಮವ್ವ ಅಷ್ಟು ಮನಸ್ಸಿಟ್ಟು ಹೊಳೆಗೆ ಉಡಿ ತುಂಬಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಏನ ಮಾಡಿದೇ ಇಳಕಲ್ಲಾಕಿ? ಕಾಶಿಗೇನ ತುಂಬ್ತಿ ಈಗ?"

"ಹೊಳಿ ದೊಡ್ಡ ಮಗಳಲ್ಲೇನ್ರಿ ಅತ್ತಿ. ಆಕೀದ ಮೊದಲ. ಮನ್ಯಾಗ ಈಗ ಏನೂ ಉಳದಿಲ್ಲ. ಉಳದ್ರೂ ನಾ ತುಂಬೂದಿಲ್ಲ. ಬರೇ ಉಡ್ಯಾಗ ಮಗಳನ್ನ ಕಳಸಬಾರದಂತ ನೀವ ಹೇಳೀರಿ."

ನನಗೆ ನೀರಿನಲ್ಲೇ ಕುಣಿಯಬೇಕು ಅನ್ನಿಸಿತು. ಹಿಟ್ಟಿನ ಡಬ್ಬಿ ಹೊತ್ತು ಬೀರಪ್ಪನ ಗುಡಿಗೆ ಏರಿದೆವು. ಗುಡಿಯಲ್ಲಿ ಸರ್ಕಾರದವರು ಗಂಜಿ ಕೇಂದ್ರ ತೆರೆದು ಅಕ್ಕಿ ತಂದು ತಲೆಗಿಷ್ಟೆಂದು ಹಂಚಿದರು. ಅವ್ವ, ಕಾಶತ್ತಿ ಒಂದೇ ಕಂಬಳಿ ಹೊದ್ದು ಕೂತಿದ್ದರು. ಆಯಿ ಆಚೆ ಕಂಬದ ಹತ್ತಿರ, ಗೋಡೆಗೆ ಮುಖ ಮಾಡಿ.

"ಅಂದ್ರ ನಾ ಇಲ್ಲೇ ಇರಬಹುದೇನ್ ವೈನಿ?"

"ಉಡಿ ತುಂಬಾಕಿ ನಾ. ನಾ ಒಲ್ಲೆ ಅಂದ್ರ ಹೆಂಗ ಕಳಸ್ತಾರ ನೋಡೂಣು. ನಿಮ್ಮವ್ವಗ ರೂಢಿ ಮುರ್ಯಾಕ ಆಗೂದಿಲ್ಲ."

ಕಾಶತ್ತಿ ನಕ್ಕಳು. ದಿನ್ನೆಯ ಮೇಲೆ ಮನೆ ಕಟ್ಟಿದರೆ ಕಾಶತ್ತಿಗೆ ಯಾವ ಮೂಲೆ, ನನಗೆ ಯಾವ ಮೂಲೆ ಎಂದು ನಾನು ಗುಡಿಯ ಕಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ತೋರಿಸಿದೆ. ಕೆಳಗೆ ನಮ್ಮ ಮಾಳಿಗೆಯ ಸುತ್ತ ನೀರು ನಿಂತಿತ್ತು. ಇಳಿಯದಿದ್ದರೂ ಚಿಂತೆಯಿಲ್ಲ ಎಂದು ನನಗೆ ಆಗ ಅನ್ನಿಸಿತ್ತು.

ಕೃಷ್ಣೆ ಇಳಿದಳು, ಹೊಳೆಯೂ ಇಳಿಯಿತು. ಮನೆಗೆ ಬಂದರೆ ಪಡಸಾಲೆಯ ಮೇಲೆ ಪಾದ ಹೂಳುವಷ್ಟು ಕರಿ ಕೆಸರು. ಅವ್ವ, ಕಾಶತ್ತಿ ಅದನ್ನು ಬುಟ್ಟಿಯಲ್ಲಿ ತುಂಬಿ ಹೊರಗೆ ಹಾಕುತ್ತಿದ್ದರು. ಆಗ ಆಯಿ ಓಣಿಯ ಮೇಲಿನಿಂದ ಬಂದಳು. ಕಾಶತ್ತಿಯನ್ನು ಕರೆದು ಹೊಸ್ತಿಲ ಮೇಲೆ ನಿಲ್ಲಿಸಿದಳು. ತನ್ನ ಸೆರಗಿನ ಗಂಟು ಬಿಚ್ಚಿದಳು. ಗಂಜಿ ಕೇಂದ್ರದಲ್ಲಿ ತನ್ನ ಪಾಲಿಗೆ ಬಂದ ಅಕ್ಕಿಯನ್ನು ಅವಳು ಉಂಡಿರಲಿಲ್ಲ, ಕಟ್ಟಿಟ್ಟಿದ್ದಳು. ಗುಡಿಯ ಕಾಯಿ, ಯಾರದೋ ಮನೆಯಿಂದ ಕೇಳಿ ತಂದ ಖಣ, ಎಲೆಯಲ್ಲಿ ಕಟ್ಟಿದ ಕುಂಕುಮ. ಆ ಕುಂಕುಮವನ್ನು ಆಯಿ ತನ್ನ ಬೆರಳಿನಿಂದಲೇ ಎತ್ತಿ ಮಗಳ ಹಣೆಗೆ ಹಚ್ಚಿದಳು. ಅವ್ವನ ಕೈಯಿಂದ ಬುಟ್ಟಿ ಬಿತ್ತು.

"ಅತ್ತಿ! ನೀವ ಮುಟ್ಟಬಾರದ್ರಿ!"

"ಮುಟ್ಟಿದ್ರ ಏನಾಕೈತಿ? ಸತ್ತ ಗಂಡ ಮತ್ತ ಸಾಯ್ತಾನೇನು?"

ಕಾಶತ್ತಿ ಸೆರಗು ಒಡ್ಡಿ ನಿಂತೇ ಇದ್ದಳು. ಆಯಿ ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದಳು. ಅಷ್ಟು ವರ್ಷ ಕುಂಕುಮದ ಬಟ್ಟಲ ಹತ್ತಿರ ಸುಳಿಯದ ಹೆಂಗಸು, ರೂಢಿ ರೂಢಿ ಎಂದು ನಮ್ಮ ಹಿಟ್ಟು ಹಾಸಿಗೆಯನ್ನೆಲ್ಲ ನೀರಿಗೆ ಬಿಟ್ಟ ಹೆಂಗಸು, ಮಗಳನ್ನು ಹೊರಗೆ ಹಾಕಲು ಆ ರೂಢಿಯನ್ನು ಒಂದು ಗಳಿಗೆಯಲ್ಲಿ ಮುರಿದಳು. ಅವಳ ಕೈ ಕಟ್ಟಿದೆ ಎಂದು ನಾವು ತಿಳಿದಿದ್ದೆವು. ಯಾವ ಹಗ್ಗವೂ ಇರಲಿಲ್ಲ. ಅವತ್ತಿನಿಂದ ನನಗೆ ಆಯಿ ಬೇಡವಾದಳು, ಹೊಳೆಯೂ ಬೇಡವಾಯಿತು. ಇಬ್ಬರ ಮೇಲಿನ ಸಿಟ್ಟೂ ಇವತ್ತಿನವರೆಗೆ ಇಳಿದಿಲ್ಲ.

ಕಾಶತ್ತಿ ಆಯಿಯ ಕಾಲಿಗೆ ಬೀಳಲಿಲ್ಲ. ಗಂಟು ಎತ್ತಿಕೊಂಡು ಹೊರಟಳು. ಅವ್ವ ನನ್ನ ಕೈ ಹಿಡಿದು ಹಿಂದೆಯೇ ಬಂದಳು. ಡಾಂಬರು ರಸ್ತೆಗೆ ಬಂದಾಗ ಬಾಗಲಕೋಟೆಯ ಬಸ್ಸು ನಿಂತಿತ್ತು, ಕೆರೂರಿಗೆ ಹೋಗುವವರು ಅದನ್ನೇ ಹತ್ತಬೇಕು. ಕಾಶತ್ತಿ ಮೆಟ್ಟಿಲ ಮೇಲೆ ಕಾಲಿಟ್ಟಳು. ಅವ್ವ ಅವಳ ರಟ್ಟೆ ಹಿಡಿದು ಕೆಳಗೆ ಎಳೆದಳು.

"ಈ ಬಸ್ ಬ್ಯಾಡ. ಇಳಕಲ್ ಬಸ್ ಬರ್ತೈತಿ, ಅದನ್ನ ಹತ್ತು. ಸ್ಟ್ಯಾಂಡಿನಾಗ ಇಳದು ಕಲ್ಲಿನ ಖಣಿ ಓಣಿ ಯಾವದಂತ ಕೇಳು. ನಮ್ಮಪ್ಪ ಒಬ್ಬಾಂವ ಅದಾನ."

"ನಾ ಯಾರಂತ ಹೇಳ್ಲಿ ವೈನಿ?"

"ಶಾಂತಾನ ಜಾಗಾದಾಗ ಬಂದೇನಿ ಅಂತ ಹೇಳು. ತಿಳೀತೈತಿ ಅವಗ."

ಮುತ್ಯಾನಿಗೆ ತಿಳಿಯಿತು. ಏನೂ ಕೇಳಲಿಲ್ಲವಂತೆ, ಒಳಗಿದ್ದ ತನ್ನ ಹಾಸಿಗೆಯನ್ನು ಸುತ್ತಿ ಹೊರಗಿನ ಚಪ್ಪರಕ್ಕೆ ಒಯ್ದನಂತೆ. ಅಂದು ಸಂಜೆ ಕಾಶತ್ತಿ ಉಡಿಯ ಅಕ್ಕಿಯನ್ನೇ ಬೇಯಿಸಿ ಇಬ್ಬರಿಗೂ ಬಡಿಸಿದಳು. ಮುಂದೆ ನೇಕಾರರ ಮನೆಗೆ ಮಗ್ಗದ ನೂಲಿನ ಕಂಡಿಕೆ ಸುತ್ತಿ ಕೊಡುವ ಕೆಲಸ ಹಿಡಿದಳು. ಆ ಅಕ್ಕಿಯನ್ನು ಚರಂಡಿಗೆ ಚೆಲ್ಲಬೇಕಿತ್ತು ಎಂದು ನಾನು ದೊಡ್ಡವಳಾದ ಮೇಲೆ ಅವಳ ಎದುರು ಹಾರಾಡಿದ್ದೆ. "ಹಸಿವಾಗಿತ್ತವ. ಅಕ್ಕಿ ಮ್ಯಾಲೇನ ಸಿಟ್ಟು?" ಎಂದಳು.

ಸುದ್ದಿ ಆಯಿಗೆ ಮುಟ್ಟಿದ್ದು ಕೆರೂರಿನ ಕಡೆಯವರು ಹುಡುಕಿಕೊಂಡು ಬಂದಾಗ. ಅವರು ಹೋದ ಮೇಲೆ ಆಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಇನ್ನ ಮ್ಯಾಲ ನೀ ಇಳಕಲ್ ಹಾದಿ ತುಳದ್ರ ತಿರುಗಿ ಈ ಹೊಸ್ತಿಲಾ ತುಳೀಬ್ಯಾಡ."

"ಆತ್ರಿ" ಎಂದಳು ಅವ್ವ, ತಲೆ ಎತ್ತದೆ.

ಅವ್ವ ಪಂಚಮಿಗೆ ತವರಿಗೆ ಹೋಗಲಿಲ್ಲ, ದೀಪಾವಳಿಗೆ ಹೋಗಲಿಲ್ಲ. ಮುತ್ಯಾ ಒಂದೆರಡು ಸಲ ತಾನೇ ಬಂದು, ಹೊರಗಿನ ಕಟ್ಟೆಯ ಮೇಲೆ ಕೂತು, ಮಗಳ ಮುಖ ನೋಡಿ ಹೋದ. ಆಮೇಲೆ ಅವನ ಎದೆಯಲ್ಲಿ ಕಲ್ಲಿನ ಧೂಳು ಕೂತು ಬರುವುದೂ ನಿಂತಿತು. ಕಾಶತ್ತಿಯೇ ಅವನ ಆರೈಕೆ ಮಾಡಿಕೊಂಡು ಅಲ್ಲೇ ಇದ್ದಳು. ಅವನು ತೀರಿಕೊಂಡ ಸುದ್ದಿ ಒಬ್ಬ ಬಸ್ ಡ್ರೈವರ್ ತಂದು ಹೇಳಿದ. ಅವ್ವ ಒಲೆಯ ಉರಿ ಹಿಂದಕ್ಕೆ ಎಳೆದು, ಕೈಯ ಹಿಟ್ಟು ಒರೆಸಿಕೊಂಡು, ಅಲ್ಲೇ ಕುಳಿತಳು. ಅಪ್ಪ ಹೊರಗೆ ಎತ್ತಿನ ಹತ್ತಿರ ನಿಂತಿದ್ದ. ಆಯಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮೊದಲ ಸಲ ಅವಳ ಬಾಯಲ್ಲಿ ಅವ್ವನ ಹೆಸರು ಬಂತು.

"ಶಾಂತಾ, ಏಳು. ಅಪ್ಪನ ಮಣ್ಣಿಗೆ ಹೋಗಿ ಬಾ. ನಾ ಏನೂ ಅನ್ನೂದಿಲ್ಲ."

ಅವ್ವ ಏಳಲಿಲ್ಲ. ಆಯಿಯ ಮುಖವನ್ನು ನೇರವಾಗಿ ನೋಡಿದಳು.

"ಬ್ಯಾಡ್ರಿ ಅತ್ತಿ. ಅಲ್ಲೆ ಅಳಾಕ ಮಗಳ ಅದಾಳ."